ಹಾರ್ಡ್ ಡಿಸ್ಕಿನಲ್ಲಿ ಮಾಯವಾದ ಪಾರ್ಟಿಷನ್, ಫೈಲುಗಳನ್ನು ವಾಪಸ್ ತೆಗೆಯುವುದು ಹೇಗೆ?

"ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಫಾರ್ಮ್ಯಾಟ್ ಮಾಡಿ ಅಂತ ಕೇಳ್ತಿದೆ. ಒಳಗೆ ಮಗಳ ಫೋಟೊ ಎಲ್ಲಾ ಇದೆ. ಏನ್ ಮಾಡ್ಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೆಲವರಿಗೆ ಡಿ ಡ್ರೈವೇ ಕಾಣುವುದಿಲ್ಲ. ಕೆಲವರಿಗೆ ಕರೆಂಟ್ ಹೋಗಿ ಬಂದ ಮೇಲೆ ಡಿಸ್ಕ್ ‘ರಾ’ ಅಂತ ತೋರಿಸುತ್ತದೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳಿದರೆ ಒಂದಲ್ಲ ಒಂದು ಎಚ್ಚರಿಕೆ ಬಿಟ್ಟುಹೋಗುತ್ತದೆ. ಅದಕ್ಕೇ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಿಮ್ಮ ಡಿಸ್ಕ್ ಈಗ ಕಂಪ್ಯೂಟರಿಗೆ ಸಿಕ್ಕಿಸಿದ ಹಾಗೇ ಇದ್ದರೆ, ಆ ಫಾರ್ಮ್ಯಾಟ್ ಪ್ರಶ್ನೆಗೆ ‘ಕ್ಯಾನ್ಸಲ್’ ಒತ್ತಿ, ಡಿಸ್ಕನ್ನು ಕಳಚಿಟ್ಟು ಮುಂದೆ ಓದಿ. ಡೇಟಾ ಎಷ್ಟೋ ಸಲ ಹೋಗುವುದು ಡಿಸ್ಕ್ ಕೆಟ್ಟಾಗ ಅಲ್ಲ, ಕೆಟ್ಟ ಮೇಲೆ ನಾವು ಗಾಬರಿಯಲ್ಲಿ ಒತ್ತುವ ಬಟನ್ನುಗಳಿಂದ.

ಪಾರ್ಟಿಷನ್ ಹೋದರೂ ಫೈಲು ಉಳಿಯುವುದು ಹೇಗೆ?

ಬೆಂಗಳೂರಿನವರಿಗೆ ಲೇಔಟ್ ಅಂದರೆ ಗೊತ್ತೇ ಇದೆ, ಅಲ್ವಾ? ಹತ್ತು ಎಕರೆ ಜಾಗವನ್ನು ಸೈಟುಗಳಾಗಿ ಹಂಚಿ, ಯಾವ ಸೈಟು ಎಲ್ಲಿ ಶುರು, ಎಷ್ಟುದ್ದ ಅಂತ ಒಂದು ನಕ್ಷೆಯಲ್ಲಿ ಬರೆದಿಟ್ಟಿರುತ್ತಾರೆ. ಡಿಸ್ಕಿನಲ್ಲಿ ಆ ನಕ್ಷೆಗೆ ಪಾರ್ಟಿಷನ್ ಟೇಬಲ್ ಅಂತ ಹೆಸರು. ನಕ್ಷೆ ಹರಿದುಹೋದರೂ ಮನೆಗಳು ನಿಂತಲ್ಲೇ ನಿಂತಿರುತ್ತವೆ. ಕಂಪ್ಯೂಟರಿಗೆ ಮಾತ್ರ ದಾರಿ ಗೊತ್ತಾಗುವುದಿಲ್ಲ.

ಆ ನಕ್ಷೆ ಎಷ್ಟು ಚಿಕ್ಕದು ನೋಡಿ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟಿನೊಳಗೆ ಬರೀ 64 ಬೈಟ್ ಜಾಗ. ಒಂದೊಂದಕ್ಕೆ 16 ಬೈಟಿನಂತೆ ನಾಲ್ಕು ಪಾರ್ಟಿಷನ್ನುಗಳ ವಿವರ, ಅಷ್ಟೇ. ಆ 64 ಬೈಟ್ ಕೆಟ್ಟರೆ ಇಡೀ 1 ಟಿಬಿ ಡಿಸ್ಕ್ ಖಾಲಿ ಅಂತ ತೋರಿಸುತ್ತದೆ. ಹೊಸ ಜಿಪಿಟಿ ಪದ್ಧತಿ ಸ್ವಲ್ಪ ವಾಸಿ. ಅದು ನಕ್ಷೆಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲೂ ಇಟ್ಟಿರುತ್ತದೆ.

‘ರಾ’ ಅಂತ ಬರುವುದು ಬೇರೆ ಕಥೆ. ಅಲ್ಲಿ ನಕ್ಷೆ ಸರಿಯಾಗಿಯೇ ಇರುತ್ತದೆ, ಆದರೆ ಆ ಸೈಟಿನ ಗೇಟಿನ ಬೋರ್ಡ್ ಅಳಿಸಿಹೋಗಿರುತ್ತದೆ. ಬೋರ್ಡ್ ಅಂದರೆ ಪಾರ್ಟಿಷನ್ನಿನ ಮೊದಲ ಸೆಕ್ಟರ್, ಅದರ ಹೆಸರು ಬೂಟ್ ಸೆಕ್ಟರ್. ಸೆಕ್ಟರ್ ಅಂದರೆ ಡಿಸ್ಕ್ ಒಂದು ಸಲಕ್ಕೆ ಓದುವ ಅತಿ ಚಿಕ್ಕ ತುಂಡು. ಪಾರ್ಟಿಷನ್ನಿನ ಒಳಗೆ ಫೈಲುಗಳನ್ನು ಜೋಡಿಸಿಡುವ ಪದ್ಧತಿಗೆ ಫೈಲ್ ಸಿಸ್ಟಮ್ ಅಂತ ಹೆಸರು. ವಿಂಡೋಸಿನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ನಕಲನ್ನು ಪಾರ್ಟಿಷನ್ನಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇಟ್ಟುಕೊಂಡಿರುತ್ತದೆ. ಫ್ಯಾಟ್32 ಅನ್ನುವ ಇನ್ನೊಂದು ಫೈಲ್ ಸಿಸ್ಟಮ್ ಅದನ್ನು ಸಾಮಾನ್ಯವಾಗಿ 6ನೇ ಸೆಕ್ಟರಿನಲ್ಲಿ ಇಡುತ್ತದೆ. ನಮ್ಮ ಕೆಲಸ ನಡೆಯುವುದೇ ಈ ನಕಲುಗಳ ಮೇಲೆ.

ಇವನ್ನು ಮಾತ್ರ ಮಾಡಬೇಡಿ

ಫಾರ್ಮ್ಯಾಟ್ ಬೇಡ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ‘ಇನಿಶಿಯಲೈಸ್’ ಮಾಡಲಾ ಅಂತ ಕೇಳಿದರೂ ಬೇಡ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಬೇಡಿ, ಸಿಕ್ಕ ಫೈಲುಗಳನ್ನೂ ಅದೇ ಡಿಸ್ಕಿಗೆ ಉಳಿಸಬೇಡಿ. ಕ್ರ್ಯಾಕ್ ಮಾಡಿದ ರಿಕವರಿ ಸಾಫ್ಟ್‌ವೇರ್ ಹುಡುಕಿಕೊಂಡು ಹೋಗಬೇಡಿ. ಉಚಿತವಾಗಿ, ಕಾನೂನುಬದ್ಧವಾಗಿ ಸಿಗುವ ಒಳ್ಳೆಯ ಸಾಧನಗಳೇ ಇವೆ.

ವಿಂಡೋಸಿನ ಜೊತೆಗೇ ಬರುವ ಚೆಕ್‌ಡಿಸ್ಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲರೂ ಮೊದಲು ಓಡಿಸುವುದು ಅದನ್ನೇ. ಚೆಕ್‌ಡಿಸ್ಕ್ ಮಾಡುವುದು ಫೈಲ್ ಸಿಸ್ಟಮ್ ಸರಿಪಡಿಸುವ ಕೆಲಸ, ನಿಮ್ಮ ಫೈಲು ಉಳಿಸುವ ಕೆಲಸ ಅಲ್ಲ. ಲೆಕ್ಕಕ್ಕೆ ಸಿಗದ ತುಂಡುಗಳನ್ನು ಅದು ಹೆಸರು ಕಿತ್ತು ಬೇರೆ ಫೋಲ್ಡರಿಗೆ ಹಾಕುತ್ತದೆ, ಕೆಲವನ್ನು ಅಳಿಸಿಯೇ ಬಿಡುತ್ತದೆ. ಡಿಸ್ಕ್ ಸೇರಿಸಿ ಕಂಪ್ಯೂಟರ್ ಆನ್ ಮಾಡಿದಾಗ ಅದು ತಾನಾಗಿಯೇ ಶುರುವಾಗಬಹುದು. ಆಗ ಯಾವುದಾದರೂ ಕೀ ಒತ್ತಿ ತಪ್ಪಿಸಿ ಅಂತ ಕೆಲವು ಸೆಕೆಂಡ್ ಸಮಯ ಕೊಡುತ್ತದೆ. ತಪ್ಪದೆ ಒತ್ತಿ.

ಏನೇನು ಬೇಕು?

ಮೊದಲನೆಯದು, ಇನ್ನೊಂದು ಡಿಸ್ಕ್. ಕೆಟ್ಟದ್ದು 1 ಟಿಬಿ ಆದರೆ ಹೊಸದು 2 ಟಿಬಿ ಇರಲಿ. ಪೂರ್ತಿ ಪ್ರತಿಗೂ ಜಾಗ ಬೇಕು, ಹೊರತೆಗೆದ ಫೈಲುಗಳಿಗೂ ಜಾಗ ಬೇಕು. ಅದನ್ನು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಟ್ಟುಕೊಳ್ಳಿ. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ.

ಕಂಪ್ಯೂಟರಿನ ಒಳಗಿದ್ದ ಡಿಸ್ಕ್ ಆದರೆ ಯುಎಸ್‌ಬಿ–ಸಾಟಾ ಅಡಾಪ್ಟರ್ ಬೇಕು. ಸಾಟಾ ಅಂದರೆ ಒಳಗಿನ ಡಿಸ್ಕನ್ನು ಜೋಡಿಸುವ ಕನೆಕ್ಟರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ. ಕೊಳ್ಳುವಾಗ ನಿಮ್ಮ ಡಿಸ್ಕ್ 2.5 ಇಂಚಿನದೋ 3.5 ಇಂಚಿನದೋ ಹೇಳಿ. ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು. ಡೆಸ್ಕ್‌ಟಾಪಿನ ದೊಡ್ಡದಕ್ಕೆ 12 ವೋಲ್ಟ್ ಬೇಕು, ಹಾಗಾಗಿ ಬೇರೆ ಪವರ್ ಅಡಾಪ್ಟರ್ ಜೊತೆಗಿರಲೇಬೇಕು. ಹಳೆಯ ಅಡಾಪ್ಟರುಗಳು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಸರಿಯಾಗಿ ಓದುವುದಿಲ್ಲ, ಅದನ್ನೂ ಕೇಳಿಕೊಳ್ಳಿ.

ಆಮೇಲೆ ಒಂದು ಪೆನ್‌ಡ್ರೈವ್. ಅದಕ್ಕೆ ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ ಸಿಸ್ಟಮ್‌ರೆಸ್ಕ್ಯೂ ಹಾಕಿಕೊಳ್ಳಿ. ಇದು ಪೆನ್‌ಡ್ರೈವಿನಿಂದಲೇ ಓಡುವ ಉಚಿತ ಲಿನಕ್ಸ್. ನಮಗೆ ಬೇಕಾದ ಡಿಡಿರೆಸ್ಕ್ಯೂ, ಟೆಸ್ಟ್‌ಡಿಸ್ಕ್, ಫೋಟೊರೆಕ್ ಮೂರೂ ಇದರಲ್ಲೇ ಇವೆ.

ಕೊನೆಯದು ಯುಪಿಎಸ್. ಪ್ರತಿ ತೆಗೆಯುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಮಳೆಗಾಲದ ಸಂಜೆ ಗುಡುಗು ಶುರುವಾದಾಗ ಡೆಸ್ಕ್‌ಟಾಪಿನಲ್ಲಿ ಈ ಕೆಲಸಕ್ಕೆ ಕೂರಬೇಡಿ. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು.

ಹಂತ 1: ಡಿಸ್ಕಿಗೆ ಕಾಯಿಲೆ ಇದೆಯಾ ನೋಡಿ

ಮೊದಲು ಕಿವಿಗೊಟ್ಟು ಕೇಳಿ. ಟಕ್ ಟಕ್ ಅಂತ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ, ಕೀರಲು ಸದ್ದು ಬಂದರೆ, ತಿರುಗುವ ಸದ್ದೇ ಇಲ್ಲದಿದ್ದರೆ, ಇಲ್ಲಾ ಕೈಜಾರಿ ಬಿದ್ದ ಡಿಸ್ಕ್ ಆಗಿದ್ದರೆ, ಇಲ್ಲಿಗೇ ನಿಲ್ಲಿಸಿ. ಮತ್ತೆ ಆನ್ ಮಾಡಬೇಡಿ. ಓದುವ ಹೆಡ್ ತಟ್ಟೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಹೆಡ್ ಕೆಟ್ಟಿದ್ದರೆ ತಿರುಗುವ ಪ್ರತಿ ನಿಮಿಷವೂ ತಟ್ಟೆ ಕೆರೆಯುತ್ತಿರಬಹುದು. ಅಂಥ ಡಿಸ್ಕನ್ನು ಲ್ಯಾಬಿಗೇ ಕೊಡಬೇಕು. ಫ್ರೀಜರಿನಲ್ಲಿ ಇಟ್ಟರೆ ಸರಿಹೋಗುತ್ತದೆ ಅನ್ನುವ ಮಾತು ಕೇಳಬೇಡಿ, ಒಳಗೆ ನೀರು ಕಟ್ಟಿ ಇದ್ದದ್ದೂ ಹಾಳಾಗುತ್ತದೆ. ಮನೆಯಲ್ಲಿ ಮುಚ್ಚಳ ಬಿಚ್ಚುವುದಂತೂ ಬೇಡವೇ ಬೇಡ.

ಸದ್ದು ಸರಿಯಾಗಿದೆ ಅಂದುಕೊಳ್ಳಿ. ಈಗ ಕೇಬಲ್ ಬದಲಿಸಿ ನೋಡಿ, ಇನ್ನೊಂದು ಪೋರ್ಟಿಗೆ ಹಾಕಿ ನೋಡಿ. ಸುಮ್ನೆ ಹೇಳುತ್ತಿಲ್ಲ, ಕೆಲವು ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಮೇಲೆ ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆಯಿರಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಪಟ್ಟಿಯಲ್ಲಿ ನಾಲ್ಕು ಸಾಲು ನೋಡಿದರೆ ಸಾಕು. 05 ಅಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರುಗಳು. ಸಿ5 ಅಂದರೆ ಓದಲು ಕಷ್ಟಪಡುತ್ತಿರುವ ಸೆಕ್ಟರುಗಳು. ಸಿ6 ಅಂದರೆ ಓದಲಾಗದವು. ಈ ಮೂರರ ಬಲಗಡೆಯ ‘ರಾ’ ಕಾಲಮ್ಮಿನಲ್ಲಿ (ಮೇಲೆ ಹೇಳಿದ ‘ರಾ’ ತೊಂದರೆಗೂ ಇದಕ್ಕೂ ಸಂಬಂಧವಿಲ್ಲ) ಬರೀ ಸೊನ್ನೆ ಇದ್ದರೆ ಡಿಸ್ಕ್ ಗಟ್ಟಿ ಇರುವ ಸಾಧ್ಯತೆ ಹೆಚ್ಚು. ಸಿ5, ಸಿ6ರಲ್ಲಿ ಅಂಕಿ ಇದ್ದರೆ ಕಾಯಿಲೆ ಶುರುವಾಗಿದೆ. ಸಿ7ರಲ್ಲಿ ಮಾತ್ರ ಅಂಕಿ ಇದ್ದರೆ ಹೆಚ್ಚಾಗಿ ಕೇಬಲ್ಲಿನ ತಪ್ಪು.

ಒಂದು ಬಲೆ ಇದೆ. ಎಕ್ಸ್‌ಟರ್ನಲ್ ಡಿಸ್ಕಿನ ಡಬ್ಬಿ ಒಡೆದು ಒಳಗಿನದನ್ನು ನೇರವಾಗಿ ಹಾಕಿದರೆ ಸರಿಹೋಗಬಹುದು ಅಂತ ಕೆಲವರು ಹೊರಡುತ್ತಾರೆ. ಕೆಲವು ಡಬ್ಬಿಗಳ ಒಳಗಿನ ಸರ್ಕ್ಯೂಟ್ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಗುಟ್ಟಿನ ಲಿಪಿಯಲ್ಲಿ, ಬರೆದಿರುತ್ತದೆ. ಕೆಲವು ಸೆಕ್ಟರಿನ ಅಳತೆಯನ್ನೇ ಬದಲಿಸಿ ತೋರಿಸುತ್ತವೆ. ಆಗ ಚೆನ್ನಾಗಿರುವ ಡಿಸ್ಕೂ ಖಾಲಿ ಅಂತ ಕಾಣುತ್ತದೆ. ಇನ್ನು ಕೆಲವುಗಳಲ್ಲಿ ಒಳಗೆ ಸಾಟಾ ಕನೆಕ್ಟರೇ ಇರುವುದಿಲ್ಲ, ಯುಎಸ್‌ಬಿಯನ್ನೇ ಬೋರ್ಡಿಗೆ ಬೆಸೆದಿರುತ್ತಾರೆ.

ಹಂತ 2: ಮೊದಲು ಪೂರ್ತಿ ಪ್ರತಿ ತೆಗೆಯಿರಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಪರಿಚಯದವರೊಬ್ಬರ ಡಿಸ್ಕಿಗೆ ಅಂಗಡಿಯೊಂದರಲ್ಲಿ ನೇರವಾಗಿ ಒಂದಾದ ಮೇಲೊಂದು ನಾಲ್ಕು ರಿಕವರಿ ಸಾಫ್ಟ್‌ವೇರ್ ಓಡಿಸಿದ್ದರು. ನಾಲ್ಕನೆಯದರ ಹೊತ್ತಿಗೆ ಡಿಸ್ಕ್ ಕಾಣಿಸುವುದನ್ನೇ ನಿಲ್ಲಿಸಿತ್ತು. ಒಂದೇ ಸಲ ಓದಿ ಪ್ರತಿ ತೆಗೆದಿದ್ದರೆ ನಲವತ್ತು ಸಾಫ್ಟ್‌ವೇರ್ ಬೇಕಾದರೂ ಆ ಪ್ರತಿಯ ಮೇಲೆ ಓಡಿಸಬಹುದಿತ್ತು.

ಇಮೇಜ್ ಅಂದರೆ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಇದ್ದದ್ದು ಇದ್ದ ಹಾಗೆ ಒಂದು ದೊಡ್ಡ ಫೈಲಿಗೆ ಇಳಿಸುವುದು. ಇದಕ್ಕೆ ನಾನು ನಂಬುವುದು ಗ್ನೂ ಡಿಡಿರೆಸ್ಕ್ಯೂ. ಆಂಟೋನಿಯೊ ಡಿಯಾಸ್ ಡಿಯಾಸ್ ಬರೆದದ್ದು. ಅದು ಮೊದಲು ಸುಲಭವಾಗಿ ಓದಲಾಗುವ ಭಾಗಗಳನ್ನು ಬೇಗ ಬೇಗ ತೆಗೆದುಕೊಂಡುಬಿಡುತ್ತದೆ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತಾ ಕೂರದೆ ಹಾರಿ ಮುಂದೆ ಹೋಗಿ, ಆಮೇಲೆ ವಾಪಸ್ ಬರುತ್ತದೆ. ಸಾಯುತ್ತಿರುವ ಡಿಸ್ಕಿಗೆ ಬೇಕಾದದ್ದು ಇದೇ ಕ್ರಮ.

ಪೆನ್‌ಡ್ರೈವಿನಿಂದ ಸಿಸ್ಟಮ್‌ರೆಸ್ಕ್ಯೂ ಶುರು ಮಾಡಿ ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಪರದೆ, ತೆರೆಯಿರಿ. ‘ಎಲ್‌ಎಸ್‌ಬಿಎಲ್‌ಕೆ’ ಅನ್ನುವ ಕಮಾಂಡ್ ಕೊಟ್ಟರೆ ಸೇರಿಸಿರುವ ಡಿಸ್ಕುಗಳ ಪಟ್ಟಿ ಬರುತ್ತದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಅಳತೆ ನೋಡಿ ಕಾಗದದ ಮೇಲೆ ಬರೆದುಕೊಳ್ಳಿ. 1 ಟಿಬಿ ಅಂತ ಕೊಂಡದ್ದು ಇಲ್ಲಿ 931 ಜಿಬಿ ಅಂತ ಕಾಣುತ್ತದೆ, ಗಾಬರಿ ಬೇಡ, ಅದು ಎಣಿಸುವ ಲೆಕ್ಕದ ವ್ಯತ್ಯಾಸ. ಎರಡೂ ಡಿಸ್ಕ್ ಒಂದೇ ಅಳತೆಯವಾದರೆ ಒಂದನ್ನು ಕಳಚಿ, ಮತ್ತೆ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ಹೆಸರು ಅದಲುಬದಲಾದರೆ ಕೆಟ್ಟ ಡಿಸ್ಕಿನ ಮೇಲೆಯೇ ಬರೆದುಬಿಡುತ್ತೀರಿ. ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ.

ಹೊಸ ಡಿಸ್ಕಿನ ಪಾರ್ಟಿಷನ್ನನ್ನು ಮೌಂಟ್ ಮಾಡಿ, ಅಂದರೆ ಬರೆಯಲು ತೆರೆದುಕೊಳ್ಳಿ. ಕೆಟ್ಟ ಡಿಸ್ಕನ್ನು ಮೌಂಟ್ ಮಾಡಬೇಡಿ. ಈಗ ಡಿಡಿರೆಸ್ಕ್ಯೂ ಕಮಾಂಡಿನ ನಂತರ ಮೂರು ಹೆಸರನ್ನು ಇದೇ ಕ್ರಮದಲ್ಲಿ ಕೊಡಬೇಕು: ಕೆಟ್ಟ ಡಿಸ್ಕ್, ಹೊಸ ಡಿಸ್ಕಿನಲ್ಲಿ ಇಮೇಜ್ ಫೈಲಿನ ಹೆಸರು, ಹೊಸ ಡಿಸ್ಕಿನಲ್ಲೇ ಮ್ಯಾಪ್ ಫೈಲಿನ ಹೆಸರು. ಮೊದಲ ಸುತ್ತಿನಲ್ಲಿ ‘ಹೈಫನ್ ಡಿ’, ‘ಹೈಫನ್ ಎನ್’ ಎರಡನ್ನೂ ಚಿಕ್ಕಕ್ಷರದಲ್ಲಿ ಸೇರಿಸಿ. ಡಿ ಅಂದರೆ ಡಿಸ್ಕಿನಿಂದ ನೇರವಾಗಿ ಓದು, ಎನ್ ಅಂದರೆ ಕೆಟ್ಟ ಜಾಗ ಕೆದಕಬೇಡ. ಅದು ಮುಗಿದ ಮೇಲೆ ಎರಡನೇ ಸುತ್ತಿನಲ್ಲಿ ಎನ್ ತೆಗೆದು ‘ಹೈಫನ್ ಆರ್3’ ಕೊಡಿ. ಉಳಿದ ಜಾಗಗಳನ್ನು ಮೂರು ಸಲ ಪ್ರಯತ್ನಿಸುತ್ತದೆ. ಮೂರು ಹೆಸರು ಮೊದಲಿನವೇ ಇರಲಿ.

ಮ್ಯಾಪ್ ಫೈಲು ಕೊಡುವುದನ್ನು ಮರೆಯಬೇಡಿ. ಎಲ್ಲಿಯವರೆಗೆ ಓದಿಯಾಗಿದೆ ಅನ್ನುವ ಲೆಕ್ಕ ಅದರಲ್ಲಿರುತ್ತದೆ. ನಡುವೆ ಕರೆಂಟ್ ಹೋದರೆ ಅದೇ ಕಮಾಂಡನ್ನು ಮತ್ತೆ ಕೊಟ್ಟರೆ ಸಾಕು, ನಿಲ್ಲಿಸಿದ ಕಡೆಯಿಂದ ಮುಂದುವರಿಯುತ್ತದೆ.

ಪರದೆಯಲ್ಲಿ ‘ಪಿಸಿಟಿ ರೆಸ್ಕ್ಯೂಡ್’ ಅನ್ನುವ ಕಡೆ ಶೇಕಡಾವಾರು ಏರುತ್ತಾ ಹೋಗುತ್ತದೆ. ಗಟ್ಟಿ ಡಿಸ್ಕ್, ಯುಎಸ್‌ಬಿ 3 ಇದ್ದು ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ 1 ಟಿಬಿಗೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಯುಎಸ್‌ಬಿ 2 ಆದರೆ ಎಂಟು ಗಂಟೆಯಾದರೂ ಬೇಕು. ಡಿಸ್ಕ್ ಕೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾದರೆ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ತಣ್ಣಗಾಗಲು ಬಿಟ್ಟು ಆಮೇಲೆ ಮುಂದುವರಿಸಿ. ನಡುವೆ ಟಕ್ ಟಕ್ ಶುರುವಾದರೆ ಅಲ್ಲಿಗೇ ಬಿಡಿ, ಲ್ಯಾಬಿಗೆ ಹೋಗುವ ಹೊತ್ತು.

ಸಿಸ್ಟಮ್‌ರೆಸ್ಕ್ಯೂ ಬದಲು ಉಬುಂಟು ಬಳಸುವವರು ‘ಜಿಡಿಡಿರೆಸ್ಕ್ಯೂ’ ಅನ್ನುವ ಹೆಸರಿನ ಪ್ಯಾಕೇಜ್ ಹಾಕಿಕೊಳ್ಳಬೇಕು. ಮೊದಲಿನ ಜಿ ಅಕ್ಷರ ಬಿಡಬೇಡಿ.

ಹಂತ 3: ಟೆಸ್ಟ್‌ಡಿಸ್ಕಿನಿಂದ ಪಾರ್ಟಿಷನ್ ಹುಡುಕಿ

ಪ್ರತಿ ಸಿಕ್ಕಿತಾ? ಹಳೆಯ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಇನ್ನು ಎಲ್ಲಾ ಕೆಲಸ ಇಮೇಜಿನ ಮೇಲೆ.

ಟೆಸ್ಟ್‌ಡಿಸ್ಕ್ ಕ್ರಿಸ್ಟೋಫ್ ಗ್ರೆನಿಯೆ ಬರೆದ ಮುಕ್ತ ತಂತ್ರಾಂಶ. ಟರ್ಮಿನಲ್ಲಿನಲ್ಲಿ ಅದರ ಹೆಸರು ಬರೆದು, ಒಂದು ಜಾಗ ಬಿಟ್ಟು, ಇಮೇಜ್ ಫೈಲಿನ ಹೆಸರು ಕೊಟ್ಟರೆ ಅದನ್ನೇ ಡಿಸ್ಕ್ ಅಂತ ತೆರೆಯುತ್ತದೆ. ಮೌಸ್ ಕೆಲಸ ಮಾಡುವುದಿಲ್ಲ, ಬಾಣದ ಕೀ ಮತ್ತು ಎಂಟರ್ ಮಾತ್ರ. ಕಪ್ಪು ಪರದೆ ನೋಡಿ ಹೆದರಬೇಡಿ. ಅದು ಕೇಳದೆ ಏನನ್ನೂ ಬರೆಯುವುದಿಲ್ಲ.

ಮೊದಲು ಪಾರ್ಟಿಷನ್ ಟೇಬಲ್ ಯಾವ ಬಗೆಯದು ಅಂತ ಕೇಳುತ್ತದೆ. ಎಂಬಿಆರ್‌ಗೆ ಅಲ್ಲಿ ‘ಇಂಟೆಲ್’ ಅಂತ ಹೆಸರು, ಇನ್ನೊಂದು ‘ಇಎಫ್‌ಐ ಜಿಪಿಟಿ’. ತಾನೇ ಊಹಿಸಿದ್ದನ್ನು ಗುರುತು ಮಾಡಿ ತೋರಿಸುತ್ತದೆ, ಹೆಚ್ಚಾಗಿ ಸರಿ ಇರುತ್ತದೆ. ಆಮೇಲೆ ‘ಅನಲೈಸ್’, ಅದರೊಳಗೆ ‘ಕ್ವಿಕ್ ಸರ್ಚ್’. ಸರ್ವೆಯವರು ಹಳೆಯ ಗಡಿಕಲ್ಲು ಹುಡುಕುವ ಹಾಗೆ ಅದು ಬೂಟ್ ಸೆಕ್ಟರುಗಳನ್ನು ಹುಡುಕುತ್ತಾ ಹೋಗುತ್ತದೆ.

ಪಾರ್ಟಿಷನ್ ಸಿಕ್ಕರೆ ಅದರ ಮೇಲೆ ಹೋಗಿ ‘ಪಿ’ ಒತ್ತಿ. ಒಳಗಿನ ಫೋಲ್ಡರುಗಳು ಕಾಣುತ್ತವೆ. ನಿಮ್ಮ ಫೋಲ್ಡರುಗಳ ಪಟ್ಟಿ ಅಲ್ಲಿ ಮೂಡಿತು ಅಂದರೆ ಅರ್ಧ ಗೆದ್ದ ಹಾಗೆ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರುಗಳು ಈ ಪರದೆಯಲ್ಲಿ ಚೌಕ ಅಥವಾ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣಬಹುದು. ಅದು ತೋರಿಸುವ ಪರದೆಯ ಮಿತಿ, ಫೋಲ್ಡರ್ ಕೆಟ್ಟಿದೆ ಅಂತಲ್ಲ.

ಸಿಗದಿದ್ದರೆ ‘ಡೀಪರ್ ಸರ್ಚ್’ ಕೊಡಿ. ಇದಕ್ಕೆ ಜಾಸ್ತಿ ಹೊತ್ತು ಬೇಕು. ಇಲ್ಲಿ ಎಂದೋ ಅಳಿಸಿದ ಹಳೆಯ ಪಾರ್ಟಿಷನ್ನುಗಳ ಗುರುತೂ ಸಿಗುತ್ತದೆ, ಆದ್ದರಿಂದ ಒಂದರ ಮೇಲೊಂದು ಬಿದ್ದಂತೆ ಕಾಣಬಹುದು. ಪ್ರತಿಯೊಂದನ್ನೂ ‘ಪಿ’ ಒತ್ತಿ ನೋಡಿ, ಫೈಲು ಕಂಡದ್ದೇ ನಿಜವಾದದ್ದು. ಡಿಸ್ಕಿನ ಅಳತೆ ತೀರಾ ಚಿಕ್ಕದಾಗಿದೆ ಅನ್ನುವ ಎಚ್ಚರಿಕೆ ಬಂದರೆ, ಪ್ರತಿ ಪೂರ್ತಿಯಾಗಿಲ್ಲ ಅಥವಾ ಅಡಾಪ್ಟರ್ ಅಳತೆ ತಪ್ಪು ತೋರಿಸಿದೆ ಅಂತ ಅರ್ಥ. ಹಿಂದಿನ ಹಂತಕ್ಕೆ ಹೋಗಿ.

‘ರಾ’ ತೊಂದರೆ ಇದ್ದವರು ‘ಅಡ್ವಾನ್ಸ್ಡ್’ ಒಳಗೆ ‘ಬೂಟ್’ ಗೆ ಹೋಗಬೇಕು. ಅಲ್ಲಿ ಬೂಟ್ ಸೆಕ್ಟರ್ ‘ಬ್ಯಾಡ್’, ಬ್ಯಾಕಪ್ ‘ಓಕೆ’ ಅಂತ ಬಂದರೆ ‘ಬ್ಯಾಕಪ್ ಬಿಎಸ್’ ಆರಿಸಿ. ಮೇಲೆ ಹೇಳಿದ ಆ ನಕಲು ಮುಂದಕ್ಕೆ ಬರುತ್ತದೆ.

ಹಂತ 4: ಫೈಲು ಹೊರಗೆ ತೆಗೆಯಿರಿ

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ‘ರೈಟ್’ ಒತ್ತಿ ಪಾರ್ಟಿಷನ್ ಟೇಬಲ್ ಸರಿಪಡಿಸುವುದಕ್ಕಿಂತ ಫೈಲುಗಳನ್ನು ಕಾಪಿ ಮಾಡಿಕೊಳ್ಳುವುದು ವಾಸಿ. ಫೈಲು ಪಟ್ಟಿಯಲ್ಲಿ ‘ಎ’ ಒತ್ತಿ ಎಲ್ಲವನ್ನೂ ಆರಿಸಿ, ದೊಡ್ಡಕ್ಷರದ ‘ಸಿ’ ಒತ್ತಿ. ಎಲ್ಲಿಗೆ ಅಂತ ಕೇಳುತ್ತದೆ. ಹೊಸ ಡಿಸ್ಕಿನ ಫೋಲ್ಡರಿಗೆ ಹೋಗಿ ಮತ್ತೆ ‘ಸಿ’ ಒತ್ತಿ. ಹೆಸರು, ಫೋಲ್ಡರ್ ಎಲ್ಲಾ ಮೊದಲಿನ ಹಾಗೇ ಬರುತ್ತವೆ.

ಸ್ಮಾರ್ಟ್ ಲೆಕ್ಕದಲ್ಲಿ ಡಿಸ್ಕ್ ಗಟ್ಟಿ ಇದ್ದು, ಪಾರ್ಟಿಷನ್ ತಪ್ಪಾಗಿ ಡಿಲೀಟ್ ಆಗಿತ್ತು ಅಷ್ಟೇ ಅನ್ನುವವರು ಮಾತ್ರ, ಫೈಲು ಕಾಪಿಯಾದ ಮೇಲೆ, ಮೂಲ ಡಿಸ್ಕಿನಲ್ಲಿ ‘ರೈಟ್’ ಮಾಡಬಹುದು. ಕೆಳಗೆ ‘ಸ್ಟ್ರಕ್ಚರ್ ಓಕೆ’ ಅಂತ ಇದೆಯಾ ನೋಡಿಕೊಳ್ಳಿ. ‘ಬ್ಯಾಡ್’ ಇದ್ದರೆ ಮುಟ್ಟಬೇಡಿ.

ಹಂತ 5: ಏನೂ ಸಿಗದಿದ್ದರೆ ಫೋಟೊರೆಕ್

ನಕ್ಷೆ, ಬೋರ್ಡ್, ಫೈಲುಗಳ ಪಟ್ಟಿ ಎಲ್ಲವೂ ಹೋಗಿದ್ದರೆ ಉಳಿದ ದಾರಿ ಇದು. ಫೋಟೊರೆಕ್ ಫೈಲ್ ಸಿಸ್ಟಮ್ಮನ್ನು ನೋಡುವುದೇ ಇಲ್ಲ. ಪ್ರತಿ ಬಗೆಯ ಫೈಲೂ ಒಂದು ಗುರುತಿನೊಂದಿಗೆ ಶುರುವಾಗುತ್ತದೆ. ಜೆಪೆಗ್ ಫೋಟೊಗೆ ಒಂದು, ಪಿಡಿಎಫ್‌ಗೆ ಒಂದು. ಆ ಗುರುತು ಹುಡುಕಿ ಅಲ್ಲಿಂದ ತುಂಡು ಎತ್ತುತ್ತದೆ. ಹೆಸರಲ್ಲಿ ಫೋಟೊ ಇದ್ದರೂ ನೂರಾರು ಬಗೆಯ ಫೈಲು ಗೊತ್ತು ಅದಕ್ಕೆ.

ಇದರ ಬೆಲೆ ಏನು ಅಂದರೆ, ಹೆಸರೂ ಫೋಲ್ಡರೂ ಸಿಗುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದದ ಅಂಕಿ ಇರುವ ಸಾವಿರಾರು ಫೈಲು ಗುಡ್ಡೆ ಬೀಳುತ್ತವೆ. ‘ಫೈಲ್ ಆಪ್ಟ್’ ಗೆ ಹೋಗಿ ನಿಮಗೆ ಬೇಕಾದ ಬಗೆಗಳನ್ನು ಮಾತ್ರ ಉಳಿಸಿಕೊಂಡರೆ ಗುಡ್ಡೆ ಚಿಕ್ಕದಾಗುತ್ತದೆ. ಫೋಟೊಗಳ ಒಳಗೆ ತೆಗೆದ ದಿನಾಂಕ ಇರುತ್ತದೆ, ಅದರ ಪ್ರಕಾರ ಜೋಡಿಸಿಕೊಳ್ಳಿ. ದೊಡ್ಡ ವಿಡಿಯೋಗಳು ಡಿಸ್ಕಿನಲ್ಲಿ ಚೂರು ಚೂರಾಗಿ ಹರಡಿದ್ದರೆ ಪೂರ್ತಿ ಬರುವುದಿಲ್ಲ.

ಎಸ್‌ಎಸ್‌ಡಿ, ಬಿಟ್‌ಲಾಕರ್ ಇದ್ದವರಿಗೆ

ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆ ಇಲ್ಲದ ಚಿಪ್ಪಿನ ಡಿಸ್ಕಿನಲ್ಲಿ, ಟ್ರಿಮ್ ಅನ್ನುವ ಏರ್ಪಾಡು ಇದೆ. ಅಳಿಸಿದ ಫೈಲಿನ ಜಾಗವನ್ನು ಡಿಸ್ಕ್ ತಾನಾಗಿಯೇ ಖಾಲಿ ಮಾಡಿಬಿಡುತ್ತದೆ. ವಿಂಡೋಸಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಟ್ರಿಮ್ ಓಡುತ್ತದೆ. ಆಮೇಲೆ ಓದಿದರೆ ಬರೀ ಸೊನ್ನೆಗಳು. ಪಾರ್ಟಿಷನ್ ಟೇಬಲ್ ಮಾತ್ರ ಕೆಟ್ಟಿದ್ದರೆ ಮೇಲಿನ ಹಂತಗಳು ನಡೆಯುತ್ತವೆ, ಆದರೆ ತಕ್ಷಣ ಪವರ್ ತೆಗೆಯುವುದು ಇಲ್ಲಿ ಇನ್ನೂ ಮುಖ್ಯ.

ಹೊಸ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಅನ್ನುವ ಎನ್‌ಕ್ರಿಪ್ಷನ್ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಆಗ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ಲ್ಯಾಪ್‌ಟಾಪಿಗೆ ಬಳಸಿದ ಮೈಕ್ರೋಸಾಫ್ಟ್ ಖಾತೆಗೆ ಬ್ರೌಸರಿನಿಂದ ಲಾಗಿನ್ ಆಗಿ ನೋಡಿ, ಸಾಮಾನ್ಯವಾಗಿ ಅಲ್ಲಿರುತ್ತದೆ. ಕೀ ಇಲ್ಲದೆ ತೆಗೆದುಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಲ್ಯಾಬಿಗೆ ಕೊಡುವ ಮುಂಚೆ

ಬೆಂಗಳೂರಿನಲ್ಲಿ ಡೇಟಾ ರಿಕವರಿ ಅಂತ ಬೋರ್ಡ್ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಡಿಸ್ಕ್ ಕೈಗಿಡುವ ಮುಂಚೆ ಕೇಳಿ. ಬರೀ ಪರೀಕ್ಷೆಗೆ ಎಷ್ಟು? ಡೇಟಾ ಸಿಗದಿದ್ದರೂ ದುಡ್ಡು ಕೊಡಬೇಕಾ? ಡಿಸ್ಕನ್ನು ಇಲ್ಲೇ ಬಿಚ್ಚುತ್ತೀರಾ, ಬೇರೆ ಊರಿಗೆ ಕಳಿಸುತ್ತೀರಾ? ಬಿಚ್ಚುವ ಜಾಗದಲ್ಲಿ ಕ್ಲೀನ್ ರೂಮ್, ಅಂದರೆ ಧೂಳಿಲ್ಲದಂತೆ ಗಾಳಿ ಸೋಸುವ ಕೋಣೆ, ಇದೆಯಾ? ನನ್ನನ್ನು ಕೇಳದೆ ಬಿಚ್ಚುವುದಿಲ್ಲ ಅಂತ ಬರೆದುಕೊಡುತ್ತೀರಾ? ದುಡ್ಡು ಕೊಡುವ ಮುಂಚೆ ಸಿಕ್ಕ ಫೈಲುಗಳ ಪಟ್ಟಿ ತೋರಿಸುತ್ತೀರಾ? ನೇರವಾಗಿ ಉತ್ತರಿಸದವರನ್ನು ಬಿಟ್ಟು ಮುಂದೆ ನಡೆಯಿರಿ. ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಬದಲಿಸಿದರೆ ಸಾಕು ಅನ್ನುವವರ ಹತ್ತಿರವೂ ಹುಷಾರು. ಈಗಿನ ಡಿಸ್ಕುಗಳ ಬೋರ್ಡಿನಲ್ಲಿ ಆ ಡಿಸ್ಕಿಗೆ ಮಾತ್ರ ಹೊಂದುವ ಮಾಹಿತಿ ಇರುತ್ತದೆ, ಅದನ್ನು ಹೊಸ ಬೋರ್ಡಿಗೆ ವರ್ಗಾಯಿಸದೆ ಕೆಲಸ ಆಗುವುದಿಲ್ಲ.

ಹಂತ 6: ಸಿಕ್ಕಿದ್ದನ್ನು ತೆರೆದು ನೋಡಿ

ಚಿಕ್ಕ ಚಿತ್ರ ಕಂಡ ತಕ್ಷಣ ನಂಬಬೇಡಿ. ಫೋಟೊ ಪೂರ್ತಿ ತೆರೆಯಿರಿ, ಕೆಳಗಿನ ಅರ್ಧ ಬೂದು ಬಣ್ಣ ಇರಬಹುದು. ವಿಡಿಯೋ ಮಧ್ಯದಿಂದ ಓಡಿಸಿ ನೋಡಿ.

ಇನ್ನೊಂದು ಮಾತು ಕನ್ನಡದಲ್ಲಿ ಕೆಲಸ ಮಾಡುವವರಿಗೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲು ವಾಪಸ್ ಸಿಕ್ಕಾಗ, ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಚುಕ್ಕೆ ಇರುವ ಅಕ್ಷರಗಳು ಕಾಣುತ್ತವೆ. ಫೈಲು ಕೆಟ್ಟಿದೆ ಅಂದುಕೊಂಡು ಡಿಲೀಟ್ ಮಾಡಿಬಿಟ್ಟವರಿದ್ದಾರೆ. ಫೈಲು ಕೆಟ್ಟಿರುವುದಿಲ್ಲ, ಆ ಕಂಪ್ಯೂಟರಿನಲ್ಲಿ ಫಾಂಟ್ ಇರುವುದಿಲ್ಲ ಅಷ್ಟೇ. ಫಾಂಟ್ ಹಾಕಿ ಮತ್ತೆ ತೆರೆಯಿರಿ. ಇಂಥ ಫೈಲುಗಳಲ್ಲಿ ಯುನಿಕೋಡ್ ಕನ್ನಡದಲ್ಲಿ ಪದ ಕೊಟ್ಟು ಹುಡುಕಿದರೂ ಏನೂ ಸಿಗುವುದಿಲ್ಲ, ಒಂದೊಂದಾಗಿ ತೆರೆದೇ ನೋಡಬೇಕು.

ಎಲ್ಲವನ್ನೂ ನೋಡಿ ಮುಗಿಸಿ, ಬೇರೆ ಬೇರೆ ಎರಡು ಕಡೆ ಉಳಿಸುವವರೆಗೆ ಹಳೆಯ ಡಿಸ್ಕನ್ನೂ ಇಮೇಜ್ ಫೈಲನ್ನೂ ಬಿಸಾಡಬೇಡಿ. ತಿಂಗಳಾದ ಮೇಲೆ ಮನೆಯಲ್ಲಿ ಯಾರಾದರೂ "ಅಜ್ಜಿಯ ಆ ಫೋಟೊ ಎಲ್ಲಿ?" ಅಂತ ಕೇಳಿದರೆ ಅದೇ ಇಮೇಜಿನಲ್ಲಿ ಮತ್ತೆ ಹುಡುಕಬಹುದು.